ಲೀಟರಿಗೆ ಎರಡು ಒಳಲೆ

ಹೊಂಗೆದೊಡ್ಡಿಯ ಬೋರಲಿಂಗಯ್ಯನ ಮನೆಗೆ ಯಾರೇ ಬೈಕಿನಲ್ಲಿ ಬಂದರೂ ಹುಣಸೆಮರದ ಬುಡದಲ್ಲೇ ಇಂಜಿನ್ ಆರಿಸಬೇಕು. ಅಲ್ಲಿಂದ ಮನೆಗೆ ಅಂಟಿಕೊಂಡಿರುವ ಹುಳುಮನೆಯ ಬಾಗಿಲಿಗೆ ಎಂಬತ್ತು ಹೆಜ್ಜೆ. ಅಷ್ಟು ದೂರವೂ ಗಾಡಿಯನ್ನು ತಳ್ಳಿಕೊಂಡೇ ಬರಬೇಕು. ಇದು ಬೋರಲಿಂಗಯ್ಯನ ಹೆಂಡತಿ ವೆಂಕಟಲಕ್ಷ್ಮಮ್ಮ ಮಾಡಿದ ಕಾನೂನು. ರೇಷ್ಮೆಹುಳುವಿಗೆ ಬೀಡಿಯ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಗಾಡಿಯ ಹೊಗೆಯಂತೂ ಕೂಡದೇ ಕೂಡದು ಎಂದು ಆಕೆ ಹೇಳಿದ ಮೇಲೆ ಆ ಮನೆಯಲ್ಲಿ ಮೇಲ್ಮನವಿಗೆ ಜಾಗವಿರಲಿಲ್ಲ. ಒಮ್ಮೆ ಓಟು ಕೇಳಲು ಬಂದ ಪಂಚಾಯಿತಿ ಮೆಂಬರು ತಮ್ಮ ಭಾರದ ಗಾಡಿಯನ್ನು ಏದುಸಿರು ಬಿಡುತ್ತಾ ತಳ್ಳಿಕೊಂಡು ಬಂದಿದ್ದರು. ಇಷ್ಟಾಗಿಯೂ ಓಟು ಬೇರೆಯವರಿಗೆ ಹೋಯಿತು ಎಂದು ಊರಲ್ಲಿ ಮಾತು.

ಕಾನೂನು ಎಲ್ಲರಿಗೂ ಇದ್ದರೂ ಅದು ಹುಟ್ಟಿದ್ದು ಗಂಡನ ಗಾಡಿಯ ದೆಸೆಯಿಂದ. ಅದು ಟೂ ಸ್ಟ್ರೋಕ್ ಗಾಡಿ. ಬೋರಲಿಂಗಯ್ಯ ಮದುವೆಗೆ ಮುಂಚೆ ಮೈಸೂರಿನಿಂದ ತಾನೇ ಓಡಿಸಿಕೊಂಡು ಬಂದದ್ದು. ಒದೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗುವ ಆ ಕಾಲದ ಮಾಲು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹೊಯ್ದರೆ ಮಾತ್ರ ಅದು ಓಡುತ್ತದೆ. ಆ ಎಣ್ಣೆಯೂ ಒಳಗೆ ಉರಿದು ಹಿಂದಿನಿಂದ ಬಿಳಿ ಹೊಗೆಯಾಗಿ ಹೊರಡುತ್ತದೆ. ಬೋರಲಿಂಗಯ್ಯ ಪೇಟೆಯಿಂದ ಬರುತ್ತಿದ್ದರೆ ಊರಿನವರಿಗೆ ಕೆರೆ ಏರಿಯಿಂದ ಸದ್ದು ಕೇಳಿಸುತ್ತಿತ್ತು, ವೆಂಕಟಲಕ್ಷ್ಮಮ್ಮನಿಗೆ ಅದಕ್ಕೂ ಮುಂಚೆ ವಾಸನೆ ಬಡಿಯುತ್ತಿತ್ತು. ಅರವತ್ತನಾಲ್ಕು ವಯಸ್ಸಾಗಿ ಮಂಡಿ ಹಿಡಿದುಕೊಂಡಿದ್ದರೂ ಆತ ದಿನಕ್ಕೆರಡು ಸಲ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ಬಂದು, ಹುಣಸೆಮರದಿಂದ ಎಂಬತ್ತು ಹೆಜ್ಜೆ ತಳ್ಳುತ್ತಿದ್ದ. ಗೊಣಗಿದ್ದನ್ನು ಯಾರೂ ಕೇಳಿಲ್ಲ.

ಸೊಸೆ ಭಾನುಪ್ರಿಯ ಮಾಗಡಿ ಕಡೆಯವಳು. ಎರಡು ವರ್ಷದ ಹಿಂದೆ ಮದುವೆಯಾಗಿ ಬಂದ ಮೊದಲನೇ ವಾರದಲ್ಲೇ ಅವಳಿಗೆ ಈ ಕಾನೂನಿನ ಜೊತೆ ಬೆಳ್ಳಿ ಒಳಲೆಯ ಕಥೆಯೂ ಬಾಯಿಪಾಠವಾಗಿತ್ತು. ಒಳಲೆಯೆಂದರೆ ಹಸುಗೂಸಿಗೆ ಹಾಲು, ಹರಳೆಣ್ಣೆ ಕುಡಿಸುವ ಮೂತಿಯ ಪುಟ್ಟ ಬಟ್ಟಲು. ಮಗ ಅನಂತರಾಜು ಹುಟ್ಟಿದಾಗ ವೆಂಕಟಲಕ್ಷ್ಮಮ್ಮನ ತವರಿನವರು ಕೊಟ್ಟದ್ದು, ಮಗುವಿಗೆ ಎಂಟು ತಿಂಗಳಾದಾಗ ಮನೆಯಿಂದ ಕಾಣೆಯಾಯಿತು. ಆ ವಾರ ಮನೆಗೆ ಬಂದಿದ್ದವಳೆಂದರೆ ದೊಡ್ಡಆಲಹಳ್ಳಿಗೆ ಕೊಟ್ಟ ನಾದಿನಿ ಚಿಕ್ಕತಾಯಮ್ಮ ಒಬ್ಬಳೇ.

"ನಾನ್ ಯಾರ ಹೆಸ್ರೂ ಹೇಳಲ್ಲ ಕಣವ್ವ. ಆಲಹಳ್ಳಿಯೋರು ಬಂದೋದ್ಮೇಲೆ ಕಾಣ್ನಿಲ್ಲ, ಅಷ್ಟೇಯ" ಎಂದು ವೆಂಕಟಲಕ್ಷ್ಮಮ್ಮ ಮೂವತ್ತು ವರ್ಷದಿಂದ ಹೆಸರು ಹೇಳದೆಯೇ ಹೇಳುತ್ತಾ ಬಂದಿದ್ದಳು. ಈ ಮಾತು ಬಂದಾಗಲೆಲ್ಲ ಬೋರಲಿಂಗಯ್ಯ ಟವೆಲ್ ಕೊಡವಿಕೊಂಡು, ಸೊಪ್ಪು ನೋಡಿಕೊಂಡು ಬರುತ್ತೇನೆಂದು ಎದ್ದು ಹೋಗುತ್ತಿದ್ದ. ತಂಗಿಯ ಮೇಲಿನ ಮಾತು ಕೇಳಲಾರದೆ ಹೋಗುತ್ತಾನೆ ಪಾಪ ಎಂದು ಭಾನುಪ್ರಿಯ ಅಂದುಕೊಂಡಿದ್ದಳು.

ಮಾರ್ಚ್ ತಿಂಗಳ ಮೊದಲಿಗೆ ಅವಳಿಗೊಂದು ಕೆಲಸ ಸಿಕ್ಕಿತು. ಕನಕಪುರದ ರಸ್ತೆಯಲ್ಲಿ, ಊರಿಂದ ಒಂಬತ್ತು ಕಿಲೋಮೀಟರಿನಲ್ಲಿ, ರಹೀಮಾ ಎಂಬ ಹೆಂಗಸು ಚಾಕಿ ಕೇಂದ್ರ ನಡೆಸುತ್ತಿದ್ದಳು. ಆಗತಾನೇ ಮೊಟ್ಟೆಯಿಂದ ಹೊರಬಂದ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಭಾನುಪ್ರಿಯಳ ಕೈಕೆಲಸ ನೋಡಿ ರಹೀಮಾ ಒಪ್ಪಿಕೊಂಡಿದ್ದಳು, ಆದರೆ ಎರಡು ಷರತ್ತು ಹಾಕಿದ್ದಳು. ಬೆಳಿಗ್ಗೆ ಆರೂವರೆಗೆ ಮೊದಲ ಸೊಪ್ಪು ಬೀಳಬೇಕು. ಊರಿಂದ ಮೊದಲ ಬಸ್ಸು ಎಂಟಕ್ಕೆ, ಹಾಗಾಗಿ ಸ್ವಂತ ಗಾಡಿ ಬೇಕು. ಆ ಗಾಡಿ ಹೊಗೆ ಬಿಡಬಾರದು. ಸಾಸಿವೆಗಿಂತ ಸಣ್ಣ ಜೀವಗಳು ಲಕ್ಷಗಟ್ಟಲೆ ಒಳಗಿರುವಾಗ ಗೇಟಿನಲ್ಲಿ ಹೊಗೆ ಹಾಕುವವರನ್ನು ಅವಳು ಇಟ್ಟುಕೊಳ್ಳಳು. ಏಪ್ರಿಲ್ ಒಂದರಿಂದ ಬಾ ಎಂದಿದ್ದಳು.

ಮಾಗಡಿಯಲ್ಲಿ ಭಾನುಪ್ರಿಯಳ ಅಣ್ಣನ ಫೋರ್ ಸ್ಟ್ರೋಕ್ ಬೈಕು ಸುಮ್ಮನೆ ನಿಂತಿತ್ತು. ಅವಳು ಗಾಡಿ ಕಲಿತದ್ದೇ ಅದರ ಮೇಲೆ. ಅಣ್ಣ ತಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಕಾಫಿ ಕುಡಿದು, ಬಸ್ಸು ಹತ್ತಿ ಹೋದ. ರಾತ್ರಿ ಮುದ್ದೆ ಉಣ್ಣುವಾಗ ಪಂಚಾಯಿತಿ ಸೇರಿತು. ಸೂರಿನಡಿ ಒಂದೇ ಗಾಡಿಗೆ ಜಾಗ ಎಂದು ಬೋರಲಿಂಗಯ್ಯ ಮಾತು ತೆಗೆದ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅನಂತರಾಜುವಿಗೆ ಕೆಂಗಲ್ ಬಾಗಿಲಿನಿಂದ ಕಂಪನಿ ಬಸ್ಸಿತ್ತು. ಅವನು ಯಾವ ಗಾಡಿಯ ಪಕ್ಷವೂ ಅಲ್ಲ. ಕೊನೆಗೆ ತೀರ್ಪು ಕೊಟ್ಟವನು ಬೋರಲಿಂಗಯ್ಯನೇ.

"ನೋಡವ್ವ, ನಾಳೆ ನಮ್ಮನೇಗೆ ಹುಳ ಬತ್ತವೆ. ಈ ಬೆಳೆ ಗೂಡಾಗಿ ಮಾರ್ಕೆಟ್ಟಿಗೆ ಹೋಗೋಗಂಟ ಇರ್ಲಿ. ಮನೆಗೆ ಹೊಂದ್ಕಂಡ್ರೆ ಹಳೇದು ಪಕ್ಕಕ್ಕೆ ಸರ್ಕತದೆ. ಹೊಂದ್ಲಿಲ್ವಾ, ಇದು ಮಾಗ್ಡಿಗೆ ಹೋಯ್ತದೆ. ಅಲ್ಲೀಗಂಟ ನಂದು ಅಂತ್ಲೇ ನೋಡ್ಕತೀನಿ."

ಇದಕ್ಕಿಂತ ನ್ಯಾಯದ ಮಾತು ಬೇರೆ ಇರಲಿಲ್ಲ. ಭಾನುಪ್ರಿಯ ಒಪ್ಪಿದಳು. ಗಾಡಿ ಮಾಗಡಿಗೆ ಹೋದರೆ ಅದರ ಹಿಂದೆಯೇ ಕೆಲಸವೂ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಮನೆಗೆಲಸ, ಹುಳುಗೆಲಸ ಎರಡೂ ಅವಳಿಗೆ ಹೊಸದಲ್ಲ. ಆದರೆ ತನ್ನದೇ ಅನ್ನುವ ಒಂದು ಕೆಲಸಕ್ಕೆ ತಾನೇ ಗಾಡಿ ಹೊಡೆದುಕೊಂಡು ಹೋಗಬೇಕೆಂದು ಅವಳಿಗೆ ಬಹಳ ಆಸೆಯಾಗಿತ್ತು.

ಮೊದಲ ದಿನವೇ ವೆಂಕಟಲಕ್ಷ್ಮಮ್ಮನ ಪರೀಕ್ಷೆ ನಡೆಯಿತು. ಗಾಡಿ ಸ್ಟಾರ್ಟ್ ಮಾಡಿಸಿ, ಹೊಗೆಕೊಳವೆಯ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಆಕೆ ಗಾಳಿಯನ್ನು ಮೂರು ಸಲ ಮೂಸಿದಳು. ಇದು ಓಡುತ್ತಿದೆಯೋ ಇಲ್ಲವೋ ಎಂದು ಕೇಳಿದಳು. ಓಡುತ್ತಿದೆ ಎಂದು ಗೊತ್ತಾದ ಮೇಲೆ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಒಂದು ಗಾಡಿಗೆ ಹುಳುಮನೆಯ ಬಾಗಿಲವರೆಗೆ ಬರಲು ಅಪ್ಪಣೆಯಾಯಿತು. ಭಾನುಪ್ರಿಯ ಸೊಪ್ಪಿನ ಹೊರೆ ಹೇರಿಕೊಂಡು ಹುಣಸೆಮರ ದಾಟಿ ಸೀದಾ ಬಂದು ನಿಂತಾಗ ಬೋರಲಿಂಗಯ್ಯ ತನ್ನ ಮಂಡಿಯನ್ನು ಒಮ್ಮೆ ನೋಡಿಕೊಂಡ.

ಆದರೆ ಅವನಿಗೊಂದು ಅನುಮಾನ ಹೊಕ್ಕಿತ್ತು. ಸಂಜೆ ಸೊಸೆ ಪೆಟ್ರೋಲ್ ಹಾಕಿಸಿಕೊಂಡು ಬಂದಾಗ, ಎಣ್ಣೆ ಎಷ್ಟು ಹಾಕಿಸಿದೆಯೆಂದು ಕೇಳಿದ. ಇದಕ್ಕೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಹಾಗಿಲ್ಲ, ಅದು ಒಳಗಡೆಯೇ ಇರುತ್ತದೆ ಎಂದು ಅವಳು ಮೊರ ಎತ್ತಿಕೊಂಡು ಹೋಗುತ್ತಾ ಹೇಳಿದಳು.

"ಒಳಗಡೆ ಯಾರ್ ಮಡಗಿರೋರು?" ಎಂದ ಬೋರಲಿಂಗಯ್ಯ.

ಭಾನುಪ್ರಿಯ ನಕ್ಕು ಒಳಗೆ ಹೋದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅಂದು ನಿಂತು ಎರಡು ಮಾತಲ್ಲಿ ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವೆಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಒಂದು ವಾರ ಎಲ್ಲವೂ ಚೆನ್ನಾಗಿತ್ತು. ಬೋರಲಿಂಗಯ್ಯ ಮಾತಿಗೆ ತಪ್ಪದೆ ದಿನಾ ಮಧ್ಯಾಹ್ನ, ಅತ್ತೆ ಸೊಸೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಿನಲ್ಲಿ, ಎರಡೂ ಗಾಡಿಗಳನ್ನು ಒರೆಸಿ ನಿಲ್ಲಿಸುತ್ತಿದ್ದ. ಹೊಸದರ ಕೀಲಿಯನ್ನು ಮೊಳೆಗೆ ನೇತುಹಾಕುವಾಗ ಅದಕ್ಕೆ ದೂಳು ಹತ್ತಬಾರದೆಂದು ತನ್ನ ಹಳೇ ಟವೆಲ್ಲಿನ ಚೂರೊಂದನ್ನು ಕಟ್ಟಿದ್ದ. ತನ್ನ ಗಾಡಿ ಲೀಟರಿಗೆ ಮೂವತ್ತು ಕಿಲೋಮೀಟರ್ ಕೊಟ್ಟರೆ ಇದು ಅದರ ಎರಡರಷ್ಟು ಕೊಡುತ್ತದೆ ಎನ್ನುವುದನ್ನು ಅವನು ಊರಿನ ಹೋಟೆಲಿನಲ್ಲಿ ಒಪ್ಪಿಕೊಂಡನಂತೆ. ಆದರೆ ತನ್ನದು ನಿಂತರೆ ರಸ್ತೆಯಲ್ಲೇ ಪ್ಲಗ್ ಬಿಚ್ಚಿ, ಉಜ್ಜಿ, ಒದ್ದು ಮನೆಗೆ ಬರಬಹುದು, ಇದು ನಿಂತರೆ ಅಂಗಡಿಗೇ ಹೋಗಬೇಕು ಎಂದೂ ಸೇರಿಸಿದನಂತೆ.

ಹುಳು ಮೂರನೇ ಜ್ವರ ಎದ್ದ ಮೇಲೆ ಹೊಸ ಗಾಡಿ ಬೆಳಿಗ್ಗೆ ಕೆಮ್ಮತೊಡಗಿತು. ಸೆಲ್ಫ್ ಬಟನ್ ಒತ್ತಿದರೆ ಮೂರು ನಾಲ್ಕು ಸಲಕ್ಕೆ ಹತ್ತುತ್ತಿತ್ತು. ಆಮೇಲೆ ಒಂದು ದಿನ, ಹುಳುಮನೆಯ ಬಾಗಿಲಲ್ಲಿ ಸೊಪ್ಪು ಇಳಿಸುವಾಗ, ವೆಂಕಟಲಕ್ಷ್ಮಮ್ಮ ತಲೆಯೆತ್ತಿದಳು. ಮೂಗಿನ ಹೊಳ್ಳೆ ಅರಳಿತು.

"ಇದೂ ಅದ್ರ ಜಾತಿಯೇ ಕಣೆ. ಅದೇ ವಾಸ್ನೆ."

ಭಾನುಪ್ರಿಯ ತಿರುಗಿ ನೋಡಿದರೆ ನಿಜವಾಗಿಯೂ ಹಿಂದೆ ತೆಳ್ಳಗೆ ಹೊಗೆ. ಅವತ್ತಿನಿಂದ ಹೊಸ ಗಾಡಿಯೂ ಹುಣಸೆಮರದಿಂದ ತಳ್ಳಿಕೊಂಡು ಬರುವ ಸಾಲಿಗೆ ಸೇರಿತು. ನಾಲ್ಕನೇ ಜ್ವರ ಎದ್ದ ಹುಳು ಮೊದಲ ಸೊಪ್ಪನ್ನು ಸೋಮಾರಿಗಳ ಹಾಗೆ ತಿಂದಾಗ ವೆಂಕಟಲಕ್ಷ್ಮಮ್ಮ ಅದನ್ನೂ ಹೊಗೆಯ ಲೆಕ್ಕಕ್ಕೇ ಬರೆದಳು. ಭಾನುಪ್ರಿಯ ಅಣ್ಣನಿಗೆ ಫೋನು ಮಾಡಿದರೆ ಅವನು ನೊಂದುಕೊಂಡ. ನಾಲ್ಕು ವರ್ಷ ಒಂದು ಎಳೆ ಹೊಗೆ ಬಿಡದ ಗಾಡಿ, ನಿಮ್ಮ ಮನೆಗೆ ಬಂದ ಮೇಲೆ ಏನು ಮಾಡಿದಿರಿ ಎಂದ. ಅವಳು ಆ ಸಿಟ್ಟನ್ನು ಗಂಡನ ಮೇಲೆ ತೀರಿಸಿಕೊಂಡಳು. ದಿನವಿಡೀ ಕಾರು ತಯಾರಿಸುವವನಿಗೆ ಮನೆಯ ಗಾಡಿಗೆ ಏನಾಗಿದೆಯೆಂದು ನೋಡಲು ಬರುವುದಿಲ್ಲವೇ ಎಂದು ಕೇಳಿದಳು.

"ನಾನು ಬರೀ ಎಡಗಡೆ ಬಾಗ್ಲು ಹಾಕೋನು ಕಣೆ" ಎಂದ ಅನಂತರಾಜು. "ಇದಕ್ಕೆ ಬಾಗ್ಲೇ ಇಲ್ವಲ್ಲ."

ವೆಂಕಟಲಕ್ಷ್ಮಮ್ಮ ಒಳಗಿನಿಂದ ನಕ್ಕಳು. ಭಾನುಪ್ರಿಯಳಿಗೆ ನಗು ಬರಲಿಲ್ಲ.

ಆ ಶನಿವಾರ ರಹೀಮಾ ಒಂದು ಹೊತ್ತು ಬಂದು ಕೆಲಸ ನೋಡಿಕೊಂಡು ಹೋಗು ಎಂದು ಕರೆದಿದ್ದಳು. ಆರೂವರೆಗೆ ಮುಟ್ಟಬೇಕಾದವಳು ಗಾಡಿ ಹತ್ತದೆ ಏಳು ಗಂಟೆಗೆ ಮುಟ್ಟಿದಳು. ಗೇಟಿನಲ್ಲಿ ನಿಂತಿದ್ದ ರಹೀಮಾ ಹೊಗೆಯನ್ನೂ ನೋಡಿದಳು, ಕೈಗಡಿಯಾರವನ್ನೂ ನೋಡಿದಳು. ಬೈಯಲಿಲ್ಲ. ಒಂದನೇ ತಾರೀಕಿನೊಳಗೆ ಇದು ಸರಿಯಾದರೆ ಬಾ, ಇಲ್ಲವಾದರೆ ತಾನು ಬೇರೆಯವರಿಗೆ ಹೇಳುತ್ತೇನೆ, ಮನಸ್ಸಿಗೆ ತಗೋಬೇಡ ಎಂದಳು. ಇಷ್ಟು ಮೃದುವಾಗಿ ಹೇಳಿದ್ದಕ್ಕೇ ಭಾನುಪ್ರಿಯಳ ಕಣ್ಣಲ್ಲಿ ನೀರು ಬಂತು. ಗಾಡಿಯನ್ನು ಸೀದಾ ಚನ್ನಪಟ್ಟಣಕ್ಕೆ ತಿರುಗಿಸಿದಳು.

ಸಾಬೀರ್ ಮೆಕ್ಯಾನಿಕ್ಕಿನ ಅಂಗಡಿ ಬೊಂಬೆ ಮಾಡುವ ಓಣಿಯ ಮೂಲೆಯಲ್ಲಿತ್ತು. ಅವನ ತಂದೆ ಬೊಂಬೆ ಕಡೆಯುವವರು, ಇವನು ಮಾತ್ರ ಗಾಡಿಗೆ ಬಿದ್ದ. ಬೋರಲಿಂಗಯ್ಯನ ಹಳೇ ಗಾಡಿಯನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವವನೂ ಅವನೇ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಕಾಡಿಗೆಯ ಹಾಗೆ ಕಪ್ಪಾಗಿ ಜಿಡ್ಡು ಹಿಡಿದಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಭುಜ ಅಲ್ಲಾಡುವಂತೆ ನಕ್ಕ.

"ಅಕ್ಕ, ಇದಕ್ಕೆ ಯಾರೋ ಪೆಟ್ರೋಲಲ್ಲಿ ಎಣ್ಣೆ ಹಾಕ್ತಾ ಇದ್ದಾರೆ. ಹಳೇ ಗಾಡಿ ಎಣ್ಣೆ ಕುಡೀತದೆ. ಇದು ಎಣ್ಣೇಲಿ ಸ್ನಾನ ಮಾಡ್ತದೆ. ಸ್ನಾನದ್ದನ್ನ ಬಾಯಿಗೆ ಹಾಕಿದ್ರೆ ಕೆಮ್ಮದೆ ಏನ್ ಮಾಡ್ತದೆ?"

ಗಾಡಿಗೆ ಏನೂ ಆಗಿಲ್ಲ, ಟ್ಯಾಂಕ್ ತೊಳೆದು ಪ್ಲಗ್ ಬದಲಿಸಿದರೆ ಸರಿಹೋಗುತ್ತದೆ, ಸೋಮವಾರ ತನ್ನಿ ಎಂದ. ಯಾರು ಹಾಕಿದ್ದು ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೀಲಿಗೆ ಕಟ್ಟಿದ ಟವೆಲ್ಲಿನ ಚೂರು ಅವಳ ಕೈಯಲ್ಲೇ ಇತ್ತು. ಊರಿನವರೆಗೂ ಅವಳ ತಲೆಯಲ್ಲಿ ಒಂದೇ ಮಾತು ಸುತ್ತಿತು: ನಂದು ಅಂತ್ಲೇ ನೋಡ್ಕತೀನಿ.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಮೇಲೆ ಹಪ್ಪಳ. ಮಾತನ್ನು ಹೇಗೆ ಎತ್ತಬೇಕು, ಮಾವ ಇಲ್ಲವೆಂದರೆ ಏನನ್ನಬೇಕು ಎಂದೆಲ್ಲ ಭಾನುಪ್ರಿಯ ಇಡೀ ದಿನ ಜೋಡಿಸಿಕೊಂಡಿದ್ದಳು. ಪೆಟ್ರೋಲಿಗೆ ಎಣ್ಣೆ ಹಾಕಿದ್ದು ಯಾರು ಎಂದು ಕೇಳಿದಳು.

"ನಾನೇ ಕಣವ್ವ" ಎಂದ ಬೋರಲಿಂಗಯ್ಯ, ಮುದ್ದೆ ಮುರಿಯುತ್ತಾ. "ಬಂದ್ ನಾಕನೇ ದಿನದಿಂದ್ಲೂ ಹಾಕ್ತಾವ್ನಿ. ಯಾಕೆ, ಕಮ್ಮಿ ಆಯ್ತಾ?"

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಅವಳು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಗಾಡಿ ಕೆಟ್ಟು ಮಾಗ್ಡಿಗೆ ಹೋಗ್ಲಿ ಅಂತ ತಾನೆ ಮಾವ ಹಾಕಿದ್ದು? ನಾನು ಕೆಲ್ಸಕ್ಕೆ ಹೋಗೋದು ಬ್ಯಾಡ ಅಂದಿದ್ರೆ ಬಾಯ್ಬುಟ್ಟು ಹೇಳಬೌದಿತ್ತು."

ಬೋರಲಿಂಗಯ್ಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನ ಮುಖ ನೋಡಿದ ಕೂಡಲೇ ತಾನು ತಪ್ಪು ತಿಳಿದಿದ್ದೇನೆಂದು ಅವಳಿಗೆ ಗೊತ್ತಾಯಿತು. ಮಗು ಗದರಿಸಿಕೊಂಡಾಗ ಹೇಗೆ ನೋಡುತ್ತದೋ ಹಾಗೆ ನೋಡುತ್ತಿದ್ದ. ತುತ್ತನ್ನು ತಟ್ಟೆಗೆ ಹಾಕಿ, ಸೊಸೆಯ ಕಡೆಗಲ್ಲ, ಹೆಂಡತಿಯ ಕಡೆ ತಿರುಗಿದ.

"ರಾಜು ಎಂಟು ತಿಂಗ್ಳ ಕೂಸಾಗಿದ್ದಾಗ ಕೆಂಗಲ್ ಆಂಜನೇಯನ ಗುಡೀಗೆ ಹೋಗಿದ್ದೋ. ಬರುವಾಗ ಬಿದ್ದೋ, ಗ್ಯಾಪಕ ಐತಾ?"

ವೆಂಕಟಲಕ್ಷ್ಮಮ್ಮ ಸೆರಗು ಸರಿಸಿ ಮೊಣಕೈ ತೋರಿಸಿದಳು. ಹೆಬ್ಬೆರಳಗಲದ ಹಳೇ ಗಾಯದ ಕಲೆ. ಮಗುವನ್ನು ಎದೆಗೆ ಅವುಚಿಕೊಂಡೇ ರಸ್ತೆಗೆ ಬಿದ್ದಿದ್ದಳು, ಮಗುವಿಗೆ ಒಂದು ಗೀರೂ ಆಗಿರಲಿಲ್ಲ. "ಮರೆಯಕ್ಕಾದದಾ? ನಾಯಿ ಅಡ್ಡ ಬಂತಲ್ಲ" ಎಂದಳು.

"ನಾಯಿ ಬಂದಿರ್ನಿಲ್ಲ" ಎಂದ ಬೋರಲಿಂಗಯ್ಯ. "ಅವತ್ತು ಎಣ್ಣೆ ಅಂದಾಜಿನ್ಮೇಲೆ ಉಯ್ದಿದ್ದೆ. ಕಮ್ಮಿ ಆಗೋಗಿತ್ತು. ಇಂಜಿನ್ ಕಚ್ಕಂಡು ಹಿಂದ್ಲ ಚಕ್ರ ನಿಂತೋಯ್ತು. ನಿಂಗೆ ಹೇಳಕ್ಕೆ ಮುಖ ಇರ್ನಿಲ್ಲ, ನಾಯಿ ಅಂದ್ಬುಟ್ಟೆ."

ಆಮೇಲೆ ಅವನು ಸೊಸೆಯ ಕಡೆ ತಿರುಗಿದ. ಅವತ್ತಿನಿಂದ ಈ ಮನೆಯ ಗಾಡಿ ಒಂದು ದಿನವೂ ಅಳತೆ ತಪ್ಪಿ ಓಡಿಲ್ಲ ಎಂದ.

"ನೀನು ಬೆಳಿಗ್ಗೆ ಆರಕ್ಕೆ ಒಬ್ಳೇ ಅಷ್ಟು ದೂರ ಹೋಗೋಳು. ಒಳಗಡೆ ಎಣ್ಣೆ ಐತೆ ಅಂದೆ. ಕಣ್ಗೆ ಕಾಣ್ದಿರೋ ಎಣ್ಣೇನ ನಾನೆಂಗವ್ವ ನಂಬ್ಲಿ? ಹೊಸಾ ಗಾಡಿ, ಲೀಟ್ರಿಗೆ ಎಲ್ಡು ಬ್ಯಾಡ ಅಂತ ಒಂದೇ ಹಾಕ್ದೆ."

ಭಾನುಪ್ರಿಯ ತಾನು ಆಡಿದ ಮಾತನ್ನು ವಾಪಸ್ಸು ನುಂಗುವ ಹಾಗಿದ್ದರೆ ಆ ಕ್ಷಣ ನುಂಗಿಬಿಡುತ್ತಿದ್ದಳು. ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವಳಿಗೆ ಆಗ ಮಾಡಲು ಬಂದದ್ದು ಅಷ್ಟೇ. ಅವನು ಬೇಡವೆನ್ನಲಿಲ್ಲ.

ಅಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಆದರೆ ವೆಂಕಟಲಕ್ಷ್ಮಮ್ಮ ಹಪ್ಪಳ ಮುರಿಯುವುದನ್ನು ನಿಲ್ಲಿಸಿದ್ದಳು.

"ಲೀಟ್ರಿಗೆ ಎಲ್ಡು ಏನು?" ಎಂದಳು.

"ಎಲ್ಡು ಅಳ್ತೆ."

"ಯಾವ್ ಅಳ್ತೆ?"

ಬೋರಲಿಂಗಯ್ಯ ಟವೆಲ್ ಹುಡುಕಿದ. ಸೊಪ್ಪು ನೋಡಿಕೊಂಡು ಬರುತ್ತೇನೆಂದು ಎದ್ದ. ಕೂತ್ಕೊ ಎಂದಳು, ಕೂತ. ಅನಂತರಾಜು ಅಪ್ಪನ ಮುಖವನ್ನೂ ಅವ್ವನ ಮುಖವನ್ನೂ ನೋಡಿ, ಕೈ ತೊಳೆದು, ಸೂರಿನಡಿಯ ಹಳೇ ಗಾಡಿಯ ಹತ್ತಿರ ಹೋದ. ಅಪ್ಪ ಗಾಡಿಯ ಸಾಮಾನು ಇಡುವ ಪಕ್ಕದ ಪೆಟ್ಟಿಗೆ ತೆಗೆದು ಸ್ಪ್ಯಾನರು, ಹಳೇ ಪ್ಲಗ್ಗುಗಳ ಕೆಳಗಿನಿಂದ ಬನಿಯನ್ ಬಟ್ಟೆಯ ಗಂಟೊಂದನ್ನು ತಂದು ಅವ್ವನ ಮುಂದೆ ಬಿಚ್ಚಿದ. ಅದರಲ್ಲಿ, ಎಣ್ಣೆ ಕುಡಿದು ಕಪ್ಪಾಗಿ, ಮೂತಿ ಸ್ವಲ್ಪ ಸೊಟ್ಟಗಾಗಿ, ಅವನದೇ ಬೆಳ್ಳಿ ಒಳಲೆ ಇತ್ತು.

ಕೂಸಿಗೆ ಔಷಧಿ ಅಳೆಯುವುದರಷ್ಟು ಕರಾರುವಾಕ್ಕಾದ ಅಳತೆ ಮನೆಯಲ್ಲಿ ಬೇರೆ ಇರಲಿಲ್ಲವಂತೆ. ಬಿದ್ದು ಬಂದ ಮಾರನೆಯ ದಿನವೇ ತೆಗೆದುಕೊಂಡನಂತೆ. ಎರಡು ದಿನ ಬಿಟ್ಟು ವಾಪಸ್ಸು ಇಡೋಣವೆಂದಿದ್ದನಂತೆ, ಅಷ್ಟರಲ್ಲಿ ಮನೆಯಲ್ಲಿ ರಂಪವಾಗಿ, ತಂಗಿಯ ಹೆಸರು ಬಂದು, ಬಾಯಿ ಬಿಡಲು ಹೆದರಿಕೆ ಆಯಿತಂತೆ. ಚನ್ನಪಟ್ಟಣದ ಬಂಕಿನ ಹುಡುಗರಿಗೆಲ್ಲ ಅವನು ಒಳಲೆ ಬೋರಣ್ಣ. ಸಾಬೀರನಿಗೂ ಗೊತ್ತು. ಇಷ್ಟು ವರ್ಷ ಗೊತ್ತಿಲ್ಲದೆ ಇದ್ದದ್ದು ಮನೆಯವರಿಗೆ ಮಾತ್ರ.

ಆಕೆ ಒಳಲೆಯನ್ನು ತಿರುವಿ ಮುರುವಿ ನೋಡಿದಳು.

"ಅವ್ಳ ಮಗ್ಳ ಮದ್ವೇಲಿ ನಾನು ಊಟ ಮಾಡ್ದೆ ಎದ್ ಬಂದಿವ್ನಿ" ಎಂದಳು. "ಮೂರು ಸಲ ನಮ್ಮನೇಗೆ ಬಂದಾಗ್ಲೂ ಅವ್ಳ ಚೀಲದ ಕಡೀಕೇ ನೋಡ್ತಿದ್ದೆ."

ಮೊದಲು ನಕ್ಕವನು ಅನಂತರಾಜು. ಆಮೇಲೆ ಭಾನುಪ್ರಿಯಳಿಗೆ ತಡೆಯಲಾಗಲಿಲ್ಲ. ವೆಂಕಟಲಕ್ಷ್ಮಮ್ಮ ಇಬ್ಬರನ್ನೂ ಗದರಿಸಿ, ಗದರಿಸುತ್ತಲೇ ತಾನೂ ನಕ್ಕು, ಕಣ್ಣೊರೆಸಿಕೊಂಡಳು. ಆದರೆ ಶಿಕ್ಷೆ ಮಾತ್ರ ತಪ್ಪಲಿಲ್ಲ. ಬೆಳೆ ಮುಗಿದ ಕೂಡಲೇ ಗಂಡ ಹೆಂಡತಿ ಇಬ್ಬರೂ ದೊಡ್ಡಆಲಹಳ್ಳಿಗೆ ಹೋಗುವುದು, ಬೋರಲಿಂಗಯ್ಯ ತಂಗಿಯ ಎದುರಿಗೆ ತನ್ನ ಬಾಯಿಂದಲೇ ಹೇಳುವುದು, ವೆಂಕಟಲಕ್ಷ್ಮಮ್ಮ ಅವಳಿಗೊಂದು ಸೀರೆ ಕೊಟ್ಟು ಕೈ ಹಿಡಿದುಕೊಳ್ಳುವುದು ಎಂದು ತೀರ್ಮಾನವಾಯಿತು. ಒಳಲೆಯನ್ನು ಹುಣಸೆಹಣ್ಣಿನಲ್ಲಿ ನೆನೆಹಾಕಿದಳು.

ಸೋಮವಾರ ಮಾವ ಸೊಸೆ ಇಬ್ಬರೂ ಸಾಬೀರನ ಅಂಗಡಿಗೆ ಹೋದರು. ಅವನು ಟ್ಯಾಂಕಿನಿಂದ ಇಳಿಸಿದ ಎಣ್ಣೆ ಪೆಟ್ರೋಲನ್ನು ಕ್ಯಾನಿಗೆ ತುಂಬಿಕೊಟ್ಟ. ಲೀಟರಿಗೆ ಇನ್ನೊಂದು ಅಳತೆ ಸೇರಿಸಿದರೆ ಹಳೇ ಗಾಡಿಗೆ ಸರಿಯಾಗುತ್ತದೆ, ಒಂದು ತೊಟ್ಟೂ ದಂಡವಾಗುವುದಿಲ್ಲ ಎಂದು ಬೋರಲಿಂಗಯ್ಯ ಖುಷಿಪಟ್ಟ. ಆಮೇಲೆ ಸಾಬೀರ್ ಹೊಸ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಇಂಜಿನ್ನಿನ ಪಕ್ಕದ ಮುಚ್ಚಳ ತಿರುಗಿಸಿ, ಅದಕ್ಕಂಟಿದ ಸಣ್ಣ ಕಡ್ಡಿಯನ್ನು ಹೊರತೆಗೆದ. ಕಡ್ಡಿಯ ಮೇಲೆ ಎರಡು ಗೆರೆ. ಎರಡರ ನಡುವೆ ಎಣ್ಣೆ ಹೊಳೆಯುತ್ತಿತ್ತು.

"ಅಣ್ಣ, ಇದು ಕೆಳಗಿನ ಗೆರೆಗೆ ಬಂದ್ರೆ ಮಾತ್ರ ಮೇಲೆ ಹಾಕ್ಬೇಕು. ಮೂರು ತಿಂಗ್ಳಿಗೋ ನಾಕು ತಿಂಗ್ಳಿಗೋ ಪೂರಾ ಬದ್ಲಿಸ್ಬೇಕು. ಬೇರೇನೂ ಬೇಡ."

ಬೋರಲಿಂಗಯ್ಯ ಕಡ್ಡಿಯನ್ನು ತಾನೇ ಹಿಡಿದು, ಒರೆಸಿ, ಅದ್ದಿ, ಮತ್ತೆ ನೋಡಿದ. ಕಣ್ಣಿಗೆ ಕಂಡಿತಲ್ಲ, ಈಗ ನಂಬಿದೆ ಎಂದ. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ಕಡ್ಡಿ ತೆಗೆದು ನೋಡತೊಡಗಿದ. ಹಾಲು ಹಾಕಲು ಬಂದವರಿಗೆ, ಹಿಂಡಿ ಕೇಳಲು ಬಂದವರಿಗೆ ಎಲ್ಲರಿಗೂ ಕಡ್ಡಿ ದರ್ಶನವಾಯಿತು. ಭಾನುಪ್ರಿಯ ಕೊನೆಗೆ, ವಾರಕ್ಕೊಂದು ಸಲ ಸಾಕು ಮಾವ, ಅದು ನಿಮ್ಮದೇ ಕೆಲಸ ಎಂದು ವಹಿಸಿಕೊಟ್ಟಳು. ಹಳೇ ಗಾಡಿಗೆಂದು ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಪುಟ್ಟ ಲೋಟವೊಂದನ್ನು ಕೊಟ್ಟಳು. ಅವನು ಜಗಲಿಯಲ್ಲಿ ಕೂತು ಒಳಲೆಯಲ್ಲಿ ನೀರು ತುಂಬಿ ಲೋಟಕ್ಕೆ ಹೊಯ್ದು, ಎರಡೂ ತಾಳೆಯಾದ ಮೇಲೆಯೇ ಒಪ್ಪಿಕೊಂಡ.

ವೆಂಕಟಲಕ್ಷ್ಮಮ್ಮ ಮತ್ತೊಮ್ಮೆ ಗಾಡಿಯ ಹಿಂದೆ ನಿಂತು ಮೂಸಿದಳು. ಮೂರು ಸಲ. "ಬಾ" ಎಂದಳು. ಭಾನುಪ್ರಿಯ ಹುಣಸೆಮರ ದಾಟಿ ಎಂಬತ್ತು ಹೆಜ್ಜೆಯ ದಾರಿಯನ್ನು ಸವಾರಿಯಲ್ಲೇ ಬಂದಳು. ಐದಾರು ದಿನದಲ್ಲಿ ಹುಳು ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆಯ ತಟ್ಟೆಗೆ ಹತ್ತಿ, ಗೂಡು ಕಟ್ಟಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಚುಕಿ ನೋಡಿದ, ನೂಲು ತೆಗೆಯುವ ರೀಲರು ತಲೆದೂಗಿದರು. ಬೋರಲಿಂಗಯ್ಯ ಅಲ್ಲಿಂದ ಬರುವಾಗ ಎರಡು ತಗಡಿನ ಶೀಟು ತಂದು, ಸೂರನ್ನು ಒಂದು ಗಾಡಿಯಷ್ಟು ಮುಂದಕ್ಕೆ ಎಳೆದ. ತೀರ್ಪು ಏನೆಂದು ಯಾರೂ ಕೇಳಬೇಕಾಗಲಿಲ್ಲ.

ಏಪ್ರಿಲ್ ಒಂದನೇ ತಾರೀಕು ಬೆಳಿಗ್ಗೆ ಐದೂಮುಕ್ಕಾಲಿಗೆ ಭಾನುಪ್ರಿಯ ಬುತ್ತಿ ಕಟ್ಟಿಕೊಂಡು ಹೊರಗೆ ಬಂದರೆ ಗಾಡಿಯ ಸೀಟು ಒರೆಸಿತ್ತು. ಬೋರಲಿಂಗಯ್ಯ ಕಡ್ಡಿ ನೋಡಿಯಾಗಿದೆ, ಎಣ್ಣೆ ಸರಿಯಾಗಿದೆ ಎಂದ. ಅವತ್ತೇ ಅತ್ತೆ ಮಾವನೂ ದೊಡ್ಡಆಲಹಳ್ಳಿಗೆ ಹೊರಡುವವರು. ಒಳಗೆ ವೆಂಕಟಲಕ್ಷ್ಮಮ್ಮ ಸೀರೆಯ ನೆರಿಗೆ ಹಿಡಿಯುತ್ತಾ, ಹುಷಾರಾಗಿ ಹೋಗು ಎಂದು ಕೂಗಿದಳು. ಒಂದೇ ಸಲಕ್ಕೆ ಗಾಡಿ ಹತ್ತಿತು. ಕೆರೆ ಏರಿಯ ಮೇಲೆ ತಣ್ಣನೆ ಗಾಳಿ ಬೀಸುತ್ತಿತ್ತು. ಭಾನುಪ್ರಿಯಳಿಗೆ ಹಾಡಿಕೊಳ್ಳಬೇಕು ಅನ್ನಿಸುವಷ್ಟು ಸಂತೋಷವಾಗಿತ್ತು.

ನಾಲ್ಕು ಕಿಲೋಮೀಟರ್ ಹೋಗಿರಬಹುದು, ಹಿಂದಿನಿಂದ ಬೀಸಿದ ಗಾಳಿಯಲ್ಲಿ ಮೂಗಿಗೆ ಪರಿಚಯದ ವಾಸನೆ ಬಡಿಯಿತು. ತನ್ನ ಗಾಡಿಯ ಹಿಂದೆ ನೋಡಿದಳು, ಏನೂ ಇಲ್ಲ. ಕನ್ನಡಿಯಲ್ಲಿ ನೋಡಿದರೆ, ದೂರದಲ್ಲಿ, ಬಿಳಿ ಹೊಗೆಯ ಮುಂದೆ ಮಾವನ ತಲೆಯ ಟವೆಲ್ಲು. ಅವಳು ನಿಧಾನ ಮಾಡಿದರೆ ಅವನೂ ನಿಧಾನ ಮಾಡುತ್ತಿದ್ದ. ಚಾಕಿ ಕೇಂದ್ರ ಇನ್ನೂ ಎರಡು ತಿರುವು ಇರುವಾಗಲೇ ಅವನ ಸದ್ದು ನಿಂತಿತು. ಎಳೇ ಹುಳುವಿಗೆ ಹೊಗೆ ತಾಗಬಾರದೆಂದು ಇಂಜಿನ್ ಆರಿಸಿ, ಗಾಡಿ ತಳ್ಳಿಕೊಂಡು, ಕುಂಟುತ್ತಾ ಬರುತ್ತಿದ್ದ.

ಭಾನುಪ್ರಿಯ ಗಾಡಿ ನಿಲ್ಲಿಸಿ ಇಳಿದು ಹಿಂದಕ್ಕೆ ನಡೆದು ಹೋದಳು. ಅವಳನ್ನು ಕಂಡು ಬೋರಲಿಂಗಯ್ಯ ಸಿಕ್ಕಿಬಿದ್ದವನ ಹಾಗೆ ನಿಂತ.

"ನಿನ್ ಹಿಂದೆ ಬರ್ನಿಲ್ಲ ಕಣವ್ವ. ನಾವು ಆಲಹಳ್ಳಿಗೆ ಹೊಂಟೋ, ಇದೇ ರಸ್ತೆ ಅಲ್ವ."

"ಅತ್ತೆ ಎಲ್ಲಿ ಮಾವ?"

ಬೋರಲಿಂಗಯ್ಯ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಭಾನುಪ್ರಿಯಳ ಫೋನು ಹೊಡೆದುಕೊಂಡಿತು. ಹೊಸ ಸೀರೆ ಉಟ್ಟು, ಚೀಲದಲ್ಲಿ ಒಳಲೆ ಇಟ್ಟುಕೊಂಡು, ಹುಣಸೆಮರದ ಕೆಳಗೆ ನಿಂತಿದ್ದ ವೆಂಕಟಲಕ್ಷ್ಮಮ್ಮನ ಫೋನು.

"ನಿಮ್ಮಾವ ಅಲ್ಲವ್ನಾ? ನೀನು ನೆಟ್ಗೆ ಮುಟ್ಟಿದ್ಯಾ?" ಎಂದಳು. ಹೂಂ ಎಂದು ತಿಳಿದ ಮೇಲೆ ಹೇಳಿದಳು: "ಸರಿ ಬುಡು. ಅವತ್ತು ರಸ್ತೇಲಿ ಬೀಳಿಸ್ದ, ಇವತ್ತು ಮನೇಲೇ ಬುಟ್ಟೋದ. ನೀನು ಒಳಕ್ಕೋಗೋದ್ನ ನೋಡ್ಕಂಡೇ ಬರಕ್ಕೇಳು, ನಾನು ಕಾಯ್ತೀನಿ."